ಟಿಕೆಟ್ ಕೊಂಡವರಿಗೆ ಸಲ್ಲಬೇಕಾದದ್ದು: ಬ್ಯಾಸ್ಕೆಟ್‌ಬಾಲ್ ಅಭಿಮಾನಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವನು. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು. ಹೈಸ್ಕೂಲಿನಿಂದಲೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೇನೆ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಪಂದ್ಯಗಳನ್ನು ಬೆಳಗಿನ ಜಾವ ಎದ್ದು ನೋಡುತ್ತೇನೆ. ಈಚೆಗೆ ಮೂರು ಅಂಕದ ಎಸೆತಗಳ ಸುರಿಮಳೆ, ದೊಡ್ಡ ಆಟಗಾರರ 'ವಿಶ್ರಾಂತಿ', ಲೀಗಿನ ತಾರೆಯರು ಸೇರಿ ಆಡುವ ಆಲ್-ಸ್ಟಾರ್ ಪಂದ್ಯದ ನಿರುತ್ಸಾಹ ಇವೆಲ್ಲ ಬೇಸರ ತರಿಸಿವೆ. ಅಂಥದೇ ಬೇಸರ ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಒಂದು ಸಂಗೀತೋತ್ಸವದಲ್ಲೂ ಆಯಿತು. ನಾಲ್ವರು ಗೆಳೆಯರು ತಲಾ 3,500 ರೂಪಾಯಿ ಕೊಟ್ಟು ಹೋಗಿದ್ದೆವು. ನಾವು ಯಾವ ತಂಡಕ್ಕಾಗಿ ಹೋಗಿದ್ದೆವೋ ಅದು 8.30ಕ್ಕೆ ಬರಬೇಕಾಗಿದ್ದು, 9.35ಕ್ಕೆ ವೇದಿಕೆ ಹತ್ತಿ 10ಕ್ಕೆ ಇಳಿಯಿತು. ಜಾಹೀರಾತಿನಲ್ಲಿದ್ದ ಇನ್ನೊಬ್ಬ ಗಾಯಕರು ಬರಲೇ ಇಲ್ಲ. ಹಿಂದೆ ನಿಂತವರಿಗೆ ಹಾಡಿನ ಒಂದು ಪದವೂ ತಿಳಿಯಲಿಲ್ಲ. ಕೇಳಿದರೆ, 'ಕಲಾವಿದರ ಪಟ್ಟಿ ಬದಲಾಗಬಹುದು ಎಂದು ಟಿಕೆಟ್ಟಿನಲ್ಲೇ ಇದೆ' ಎಂದರು. ಗೆಳೆಯರು ನನಗೆ ಯಾವುದೂ ಹಿಡಿಸುವುದಿಲ್ಲ ಎನ್ನುತ್ತಾರೆ. ಇದು ಬರೀ ನನ್ನ ಅಭಿರುಚಿಯ ಮಾತೇ, ಅಥವಾ ನಿಜವಾಗಿಯೂ ತಪ್ಪು ನಡೆದಿದೆಯೇ? ಏನಾದರೂ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು 9.35 ಮತ್ತು 10 ಎಂಬ ಎರಡು ಅಂಕಿಗಳ ಮೇಲೆ. ಬೇಸರಗೊಂಡವರು ಸಾಮಾನ್ಯವಾಗಿ 'ತಡವಾಗಿ ಬಂದರು, ಬೇಗ ಹೋದರು' ಎಂದಷ್ಟೇ ಬರೆಯುತ್ತಾರೆ. ನೀವು ಗಡಿಯಾರ ನೋಡಿದ್ದೀರಿ. ಬ್ಯಾಸ್ಕೆಟ್‌ಬಾಲ್ ಆಡಿದವರಿಗೆ ಈ ಅಭ್ಯಾಸ ತಾನಾಗಿ ಬರುತ್ತದೆ. ಅಂದು ರಾತ್ರಿ ಏನು ನಡೆದಿರಬಹುದೆಂಬುದನ್ನು ಆ ಎರಡು ಅಂಕಿಗಳೇ ಬಹುಮಟ್ಟಿಗೆ ಹೇಳುತ್ತವೆ; ಅದಕ್ಕೆ ಆಮೇಲೆ ಬರುತ್ತೇನೆ. ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಮೂರು ದಶಕ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ, ಬ್ಯಾಸ್ಕೆಟ್‌ಬಾಲ್ ತಂಡದ ತರಬೇತಿ ನನ್ನದೇ ಆಗಿತ್ತು. ಮೈದಾನ ನನ್ನ ಸುಪರ್ದಿನಲ್ಲಿ ಇದ್ದುದರಿಂದ ವಾರ್ಷಿಕೋತ್ಸವ, ಯುವಜನೋತ್ಸವಗಳ ವೇದಿಕೆ ಮತ್ತು ಮೈಕ್ ಸೆಟ್ಟಿನ ಹೊಣೆಯೂ ನನ್ನ ಮೇಲೆಯೇ ಬೀಳುತ್ತಿತ್ತು. ಹಾಗಾಗಿ ನಿಮ್ಮ ಪತ್ರದ ಎರಡೂ ಭಾಗಗಳಿಗೆ ಅನುಭವದಿಂದ ಉತ್ತರಿಸಬಲ್ಲೆ. ನಿಮ್ಮ ದೂರುಗಳೆಲ್ಲ ಒಂದೇ ತೂಕದವಲ್ಲ. ಮೂರು ಅಂಕದ ಎಸೆತದ ವಿಷಯದಲ್ಲಿ ನಿಮ್ಮೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ, ವಿಶ್ರಾಂತಿಯ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ, ಆಲ್-ಸ್ಟಾರ್ ಪಂದ್ಯದ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಸಂಗೀತೋತ್ಸವದಲ್ಲಿ ಮಾತ್ರ ನಿಮಗೆ ಅನ್ಯಾಯವೇ ಆಗಿದೆ.

ಮೊದಲು ಮೂರು ಅಂಕದ ಎಸೆತ. ಅಂಗಳದ ಒಂದು ಗೆರೆಯ ಆಚೆಯಿಂದ ಚೆಂಡು ಹಾಕಿದರೆ ಮೂರು ಅಂಕ, ಒಳಗಿನಿಂದ ಹಾಕಿದರೆ ಎರಡು. ಅಮೆರಿಕದಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ 1967ರಲ್ಲಿ ಶುರುವಾದಾಗಲೇ ಈ ಗೆರೆಯನ್ನು ಎಳೆದಿತ್ತು. ಎನ್‌ಬಿಎ ಅದನ್ನು ಒಪ್ಪಿಕೊಂಡದ್ದು 1979-80ರ ಋತುವಿನಲ್ಲಿ. ಆ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಮೂರು ಬಾರಿಯೂ ಆ ಗೆರೆಯಾಚೆಯಿಂದ ಎಸೆಯುತ್ತಿರಲಿಲ್ಲ. 2024-25ರಲ್ಲಿ ಆ ಸರಾಸರಿ 37ನ್ನು ದಾಟಿದೆ. ಕಾರಣ ಸರಳ ಲೆಕ್ಕ. ಗೆರೆಯ ಒಳಗೆ, ರಿಂಗಿನಿಂದ ಐದು ಮೀಟರ್ ದೂರದಿಂದ ಎಸೆಯುವ ಒಳ್ಳೆಯ ಆಟಗಾರ ನೂರರಲ್ಲಿ 42 ಹಾಕಿದರೆ 84 ಅಂಕ ಬರುತ್ತದೆ. ಗೆರೆಯಾಚೆಯಿಂದ ನೂರರಲ್ಲಿ 35 ಮಾತ್ರ ಹಾಕಿದರೂ 105 ಬರುತ್ತದೆ. ಈ ಲೆಕ್ಕ ತಿಳಿದ ಮೇಲೆ ಯಾವ ತರಬೇತುದಾರನೂ ಅದನ್ನು ಮರೆತಂತೆ ನಟಿಸಲಾರ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೀಫನ್ ಕರಿ 2015-16ರ ಒಂದೇ ಋತುವಿನಲ್ಲಿ 402 ಬಾರಿ ಮೂರು ಅಂಕ ಹಾಕಿದ ಮೇಲಂತೂ ಲೆಕ್ಕಕ್ಕೆ ಸಾಕ್ಷಿಯೂ ಸಿಕ್ಕಿತು.

ಇದರಿಂದ ಆಟ ಬಡವಾಯಿತು ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಹುಶಃ ನೀವು ಚೆಂಡನ್ನೇ ನೋಡುತ್ತಿದ್ದೀರಿ. ಎನ್‌ಬಿಎ ಅಂಗಳದಲ್ಲಿ ಮೂರು ಅಂಕದ ಗೆರೆ ಮೇಲ್ಭಾಗದಲ್ಲಿ ರಿಂಗಿನಿಂದ 7.24 ಮೀಟರ್ ದೂರವಿದ್ದರೆ ಮೂಲೆಗಳಲ್ಲಿ 6.70 ಮೀಟರ್ ಮಾತ್ರ. ಆ ಅರ್ಧ ಮೀಟರಿಗಾಗಿ ಒಬ್ಬ ಆಟಗಾರ ಮೂಲೆಯಲ್ಲಿ ಹೋಗಿ ನಿಲ್ಲುತ್ತಾನೆ. ಅವನನ್ನು ಬಿಟ್ಟು ಬರಲಾಗದೆ ಎದುರಾಳಿಯೊಬ್ಬ ಅಲ್ಲೇ ಕಾಯುತ್ತಾನೆ. ಇದರಿಂದಾಗಿ ರಿಂಗಿನ ಕೆಳಗೆ ಜಾಗ ತೆರವಾಗಿ, ಚೆಂಡು ಪುಟಿಸುತ್ತ ನುಗ್ಗುವವನಿಗೆ ರಿಂಗಿನ ಹತ್ತಿರದಿಂದಲೇ ಹಾಕುವ ದಾರಿ ಸಿಗುತ್ತದೆ. ಒಂದು ವಾರ ಚೆಂಡನ್ನು ಬಿಟ್ಟು ಆ ಮೂಲೆಯವನನ್ನೇ ನೋಡಿ. ಅವನು ಎರಡು ಹೆಜ್ಜೆ ಸರಿದರೆ ಐದು ಜನರ ಡಿಫೆನ್ಸ್ ಹೇಗೆ ಬಟ್ಟೆ ಎಳೆದಂತೆ ಒಂದೇ ಕಡೆ ಎಳೆಯಲ್ಪಡುತ್ತದೆ ಎಂಬುದು ಕಾಣುತ್ತದೆ. ನಿಮ್ಮ ಬೇಸರಕ್ಕೂ ಆಧಾರವಿಲ್ಲದೆ ಇಲ್ಲ. 2018ರ ವೆಸ್ಟರ್ನ್ ಕಾನ್ಫರೆನ್ಸ್ (ಲೀಗಿನ ಪಶ್ಚಿಮ ವಿಭಾಗ) ಫೈನಲ್‌ನ ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತವಾಗಿ 27 ಮೂರು ಅಂಕದ ಎಸೆತಗಳನ್ನು ತಪ್ಪಿಸಿಕೊಂಡು ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಸೋತಿತು. ಲೆಕ್ಕಕ್ಕೇ ಜೋತುಬಿದ್ದವರ ಆಟ ಕೆಟ್ಟ ದಿನದಲ್ಲಿ ಎಷ್ಟು ನೀರಸವಾಗುತ್ತದೆ ಎಂಬುದನ್ನು ಆ ಪಂದ್ಯ ನೋಡಿದವರು ಮರೆಯಲಾರರು. ಆದರೂ ಇದು ಅಭಿರುಚಿಯ ಕ್ಷೇತ್ರ. ಇಲ್ಲಿ ನಿಮಗೆ ಯಾರೂ ಮೋಸ ಮಾಡಿಲ್ಲ.

ವಿಶ್ರಾಂತಿಯ ವಿಷಯ ಬೇರೆ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಆರು ಗಂಟೆಗೆ ಬರುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಅಲಾರಂ ಇಟ್ಟು ಎದ್ದು, ಮನೆಯವರಿಗೆ ಎಚ್ಚರವಾಗದಂತೆ ಫೋನಿನ ಸದ್ದು ತಗ್ಗಿಸಿ ಕುಳಿತಾಗ, ಯಾರಿಗಾಗಿ ಎದ್ದಿರೋ ಅವರು ಕೋಟು ಹಾಕಿಕೊಂಡು ಬೆಂಚಿನಲ್ಲಿ ಕುಳಿತಿದ್ದರೆ ಮನಸ್ಸಿಗೆ ನೋವಾಗುವುದು ಸಹಜ. ಆಟಗಾರರ ಕಡೆಯನ್ನೂ ನೋಡಬೇಕು. ಆರು ತಿಂಗಳೊಳಗೆ 82 ಪಂದ್ಯ, ನಡುನಡುವೆ ಸತತ ಎರಡು ದಿನ ಎರಡು ಊರುಗಳಲ್ಲಿ ಆಟ, ರಾತ್ರಿ ವಿಮಾನದಲ್ಲಿ ನಿದ್ರೆ. ಆಟಗಾರರ ಮೊಣಕಾಲು, ಪಾದಗಳ ಸ್ಥಿತಿಯನ್ನು ಹತ್ತಿರದಿಂದ ಕಂಡ ನಾನು, ದಣಿದವನನ್ನು ಕೂರಿಸುವ ತರಬೇತುದಾರನನ್ನು ಬೈಯಲಾರೆ. ಕವಾಯ್ ಲೆನರ್ಡ್ 2018-19ರಲ್ಲಿ ಟೊರಾಂಟೊ ರಾಪ್ಟರ್ಸ್ ಪರವಾಗಿ 60 ಪಂದ್ಯಗಳನ್ನಷ್ಟೇ ಆಡಿದರು, ಕೊನೆಗೆ ಆ ತಂಡವೇ ಪ್ರಶಸ್ತಿ ಗೆದ್ದಿತು.

ಇಲ್ಲಿ ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು, ಪ್ರೇಕ್ಷಕರ ಈ ಬೇಸರವನ್ನು ಆ ಲೀಗ್ ಹೇಗೆ ಸ್ವೀಕರಿಸಿತು ಎಂಬುದು. 2012ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ತರಬೇತುದಾರ ಗ್ರೆಗ್ ಪೊಪೊವಿಚ್ ಮಯಾಮಿಯ ಪಂದ್ಯಕ್ಕೆ ಮುನ್ನವೇ ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ, ಡ್ಯಾನಿ ಗ್ರೀನ್ ನಾಲ್ವರನ್ನೂ ಮನೆಗೆ ಕಳುಹಿಸಿಬಿಟ್ಟರು. ಉಳಿದವರು ಕೆಚ್ಚಿನಿಂದ ಆಡಿ 105-100ರಿಂದ ಸೋತರು. ಆದರೂ ಲೀಗ್ ಆ ತಂಡಕ್ಕೆ 2,50,000 ಡಾಲರ್ ದಂಡ ಹಾಕಿತು. 2023ರಲ್ಲಿ ಇದೇ ಭಾವನೆ ಬರಹದ ನಿಯಮವಾಯಿತು: ಒಂದೇ ಪಂದ್ಯದಲ್ಲಿ ಇಬ್ಬರು ತಾರಾ ಆಟಗಾರರನ್ನು ಒಟ್ಟಿಗೆ ಕೂರಿಸುವಂತಿಲ್ಲ, ಕೂತವರು ಪ್ರೇಕ್ಷಕರಿಗೆ ಕಾಣುವಂತೆ ಅಂಗಳದ ಬಳಿ ಇರಬೇಕು, ಮೊದಲ ತಪ್ಪಿಗೆ ಒಂದು ಲಕ್ಷ ಡಾಲರ್ ದಂಡ, ಎರಡನೆಯದಕ್ಕೆ ಎರಡೂವರೆ ಲಕ್ಷ. ಅದೇ ಋತುವಿನಿಂದ, 65 ಪಂದ್ಯ ಆಡದವರು ವರ್ಷದ ದೊಡ್ಡ ಪ್ರಶಸ್ತಿಗಳಿಗೆ ಅರ್ಹರಲ್ಲವೆಂದೂ ಆಯಿತು. ಇದಲ್ಲದೆ ಯಾರು ಆಡುವುದಿಲ್ಲ, ಯಾರದು ಅನುಮಾನ ಎಂಬ ಪಟ್ಟಿಯನ್ನು ತಂಡಗಳು ಮುಂಚಿತವಾಗಿ ಪ್ರಕಟಿಸಲೇಬೇಕು. ರಾತ್ರಿ ಮಲಗುವ ಮುನ್ನ ಆ ಪಟ್ಟಿ ನೋಡಿ ಅಲಾರಂ ಇಡಿ; ನಾನು ಹಾಗೆಯೇ ಮಾಡುತ್ತೇನೆ.

ಪ್ರೇಕ್ಷಕರ ಬೇಸರಕ್ಕೆ ನಿಯಮದಿಂದ ಉತ್ತರಿಸುವುದು ಆ ಆಟದಲ್ಲಿ ಹಳೆಯ ಪದ್ಧತಿ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19-18ರಿಂದ. ಬರೆದದ್ದರಲ್ಲಿ ತಪ್ಪಿಲ್ಲ, ಇಡೀ ಪಂದ್ಯದ ಅಂಕಗಳೇ ಅಷ್ಟು. ಲೇಕರ್ಸ್‌ನ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರನಿಗೆ ಹೆದರಿ ಎದುರಾಳಿಗಳು ಚೆಂಡನ್ನು ಎಸೆಯದೆ ಹಿಡಿದುಕೊಂಡೇ ನಿಂತಿದ್ದರು. ಟಿಕೆಟ್ ಕೊಂಡು ಬಂದವರ ಮುಂದೆ ಇನ್ನು ಇಂಥದು ನಡೆಯಕೂಡದೆಂದು, ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಒಂದು ಲೆಕ್ಕ ಮುಂದಿಟ್ಟರು. ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಎಸೆಯುತ್ತವೆ, ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು, ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ 1954-55ರಲ್ಲಿ ಬಂತು, ಇಂದು ದಾವಣಗೆರೆಯ ಕಾಲೇಜು ಟೂರ್ನಿಗಳಲ್ಲೂ ಅದೇ ನಡೆಯುತ್ತಿದೆ. ಪ್ರೇಕ್ಷಕರ ಬೇಸರವನ್ನು ಸೆಕೆಂಡುಗಳಲ್ಲಿ ಅಳೆದು ಪರಿಹರಿಸಿದ ಈ ಘಟನೆಯನ್ನು ನಾನು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದೆ.

ಈಗ ಆಲ್-ಸ್ಟಾರ್ ಪಂದ್ಯ. 2024ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಪೂರ್ವದ ತಂಡ ಪಶ್ಚಿಮದ ತಂಡವನ್ನು 211-186ರಿಂದ ಸೋಲಿಸಿದಾಗ, ಜಗತ್ತಿನ ಅತ್ಯುತ್ತಮ ಆಟಗಾರರೆಲ್ಲ ಒಂದೇ ಅಂಗಳದಲ್ಲಿ ಇದ್ದರು, ಆಟ ಮಾತ್ರ ಇರಲಿಲ್ಲ. ಯಾರೂ ಯಾರನ್ನೂ ತಡೆಯಲಿಲ್ಲ. ನೀವು ನಿಮ್ಮ ಎರಡು ಬೇಸರಗಳನ್ನು ಒಂದೇ ಪತ್ರದಲ್ಲಿ ಬರೆದದ್ದು ಕಾಕತಾಳೀಯವಲ್ಲವೆಂದು ನನಗೆ ಅನ್ನಿಸಿದ್ದು ಇಲ್ಲಿಯೇ. ಆಲ್-ಸ್ಟಾರ್ ಎಂದರೆ ಬ್ಯಾಸ್ಕೆಟ್‌ಬಾಲಿನ ಉತ್ಸವ. ಸಂಗೀತೋತ್ಸವದಂತೆಯೇ ಅಲ್ಲಿಯೂ ಟಿಕೆಟ್ ಮಾರಾಟವಾಗುವುದು ಹೆಸರುಗಳ ಮೇಲೆ. ನಮಗೆ ಸಂತೋಷ ಕೊಡುವುದು ಹೆಸರಿನ ಹಿಂದಿರುವ ಅಭ್ಯಾಸ, ಒಡನಾಟ, ಸಮಯಪಾಲನೆ. ಅವು ಜಾಹೀರಾತಿನಲ್ಲಿ ಕಾಣುವುದಿಲ್ಲ.

2004ರ ಅಥೆನ್ಸ್ ಒಲಿಂಪಿಕ್ಸ್ ಇದಕ್ಕೆ ಅತಿ ದೊಡ್ಡ ಉದಾಹರಣೆ. ಡಂಕನ್, ಅಲೆನ್ ಐವರ್ಸನ್, ಹದಿಹರೆಯದ ಲೆಬ್ರಾನ್ ಜೇಮ್ಸ್ ಇದ್ದ ಅಮೆರಿಕ ತಂಡ ಕೆಲವೇ ವಾರ ಒಟ್ಟಿಗೆ ಅಭ್ಯಾಸ ಮಾಡಿ ಬಂದಿತ್ತು. ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ 92-73ರಿಂದ ಅದನ್ನು ಸೋಲಿಸಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 89-81ರಿಂದ ಗೆದ್ದು, ಕೊನೆಗೆ ಚಿನ್ನವನ್ನೂ ಪಡೆಯಿತು. ಜಿನೋಬಿಲಿ, ಲೂಯಿಸ್ ಸ್ಕೋಲಾ ಮೊದಲಾದವರು ವರ್ಷಗಟ್ಟಲೆ ಒಟ್ಟಿಗೆ ಆಡಿದವರು. 2002ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿಯೂ ಅಮೆರಿಕವನ್ನು ಮಣಿಸಿದ್ದವರು. ನನ್ನದೇ ಒಂದು ಅನುಭವವನ್ನೂ ಸೇರಿಸುತ್ತೇನೆ. ಒಮ್ಮೆ ವಲಯ ಮಟ್ಟದ ಟೂರ್ನಿಗಾಗಿ ಐದು ಕಾಲೇಜುಗಳ ಅತ್ಯುತ್ತಮ ಹುಡುಗರನ್ನು ಆರಿಸಿ, ಒಂದು ವಾರ ಮಾತ್ರ ಅಭ್ಯಾಸ ಮಾಡಿಸಿ ಕರೆದೊಯ್ದೆ. ಚಿತ್ರದುರ್ಗ ಕಡೆಯ ಒಂದು ತಾಲ್ಲೂಕಿನ ಸಣ್ಣ ತಂಡ ನಮ್ಮೆದುರು ಬಂತು. ಅವರು ಮಣ್ಣಿನ ಅಂಗಳದಲ್ಲಿ ಕಲಿತವರು, ಯಾರೂ ನಮ್ಮವರಷ್ಟು ಎತ್ತರವಿರಲಿಲ್ಲ. ಮೊದಲ ನಿಮಿಷದಲ್ಲೇ ಅವರ ಒಬ್ಬ ಹುಡುಗ ಬಲಕ್ಕೆ ನೋಡುತ್ತಲೇ ಎಡ ಮೂಲೆಗೆ ಚೆಂಡು ಎಸೆದ. ಆಗ ಅಲ್ಲಿ ಯಾರೂ ಇರಲಿಲ್ಲ. ಚೆಂಡು ತಲುಪುವ ಹೊತ್ತಿಗೆ ಅವನ ಗೆಳೆಯ ಅಲ್ಲಿದ್ದ. ನಮ್ಮದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಆಯಿತು. ಹನ್ನೊಂದು ಅಂಕಗಳಿಂದ ಸೋತೆವು. ಆ ಪಾಸ್ ಇಂದಿಗೂ ನನ್ನ ಕಣ್ಣ ಮುಂದಿದೆ.

ದಾವಣಗೆರೆಯವರಿಗೆ ಈ ಮಾತನ್ನು ದೂರದ ಉದಾಹರಣೆಗಳಿಂದ ಹೇಳಬೇಕಾಗಿಯೇ ಇಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ಊರಿನದು. ಕಂಪನಿ ನಾಟಕದವರು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ, ಅದೇ ಜನ, ಅದೇ ಹಾರ್ಮೋನಿಯಂ, ಅದೇ ತಬಲಾದೊಂದಿಗೆ ರಾತ್ರಿಯಾದ ಮೇಲೆ ರಾತ್ರಿ ಆಡುತ್ತಿದ್ದರು. ಪ್ರೇಕ್ಷಕರು 'ಒನ್ಸ್ ಮೋರ್' ಎಂದರೆ ಹಾಡು ಮತ್ತೆ ಬರುತ್ತಿತ್ತು. ಟಿಕೆಟ್ ಕೊಂಡವರು ತೃಪ್ತರಾಗದಿದ್ದರೆ ಮರುದಿನದ ಗಲ್ಲಾಪೆಟ್ಟಿಗೆ ಖಾಲಿ ಎಂಬುದು ಅವರಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಎರಡು ದಿನ ನಡೆದು ಡೇರೆ ಕಿತ್ತುಕೊಂಡು ಹೋಗುವ ಉತ್ಸವಕ್ಕೆ ಆ ಮರುದಿನದ ಭಯವಿಲ್ಲ, ಹಣವೆಲ್ಲ ಮುಂಗಡವಾಗಿಯೇ ಬಂದಿರುತ್ತದೆ.

ಇನ್ನು ನಿಮ್ಮ ಎರಡು ಅಂಕಿಗಳು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ನಿಮ್ಮ ತಂಡ ಸರಿಯಾಗಿ 10ಕ್ಕೆ ಇಳಿಯಿತೆಂದರೆ ಆ ಸಡಿಲಿಕೆ ಅಂದಿಗೆ ಇರಲಿಲ್ಲ, ಹಾಗೂ 10ರ ಗಡುವು ವ್ಯವಸ್ಥಾಪಕರಿಗೆ ಮೊದಲ ದಿನದಿಂದಲೇ ತಿಳಿದಿತ್ತು ಎಂದು ಅರ್ಥ. ಒಂದೇ ವೇದಿಕೆಯಲ್ಲಿ ಏಳೆಂಟು ತಂಡ ಆಡುವಾಗ, ಒಂದು ತಂಡ ಇಳಿದು ಇನ್ನೊಂದು ಹತ್ತುವ ನಡುವೆ ಡ್ರಮ್ ಬದಲಾಗಬೇಕು, ಪ್ರತಿ ವಾದ್ಯದ ಮೈಕಿನ ವೈರು ಬೇರೆಯಾಗಬೇಕು, ಹಾಡುವವರಿಗೆ ತಮ್ಮ ಧ್ವನಿ ಕೇಳಿಸುವ ಮಾನಿಟರ್ ಬಾಕ್ಸುಗಳನ್ನು ಹೊಂದಿಸಬೇಕು. ಬೆಳಿಗ್ಗೆಯೇ ಸೌಂಡ್ ಚೆಕ್ ಮುಗಿಸಿ ಅಳತೆಗಳನ್ನು ಬರೆದಿಟ್ಟುಕೊಂಡಿದ್ದರೆ ಇದೆಲ್ಲ ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ. ಇಲ್ಲದಿದ್ದರೆ ಪ್ರತಿ ಬಾರಿಯೂ ಹತ್ತು ನಿಮಿಷ ಜಾರುತ್ತದೆ. ಆರು ಬಾರಿ ಹತ್ತು ನಿಮಿಷ ಜಾರಿದರೆ ಒಂದು ಗಂಟೆ. ನಿಮಗೆ ತಪ್ಪಿದ್ದು 65 ನಿಮಿಷ. ಗಡುವು ಅಲುಗಾಡದ್ದರಿಂದ ಹಗಲಿನ ಜಾರಾಟವೆಲ್ಲ ಬಂದು ಕೊನೆಯವರ ಮೇಲೆ ಬೀಳುತ್ತದೆ. ಕೊನೆಯವರೇ ಜನ ಹೆಚ್ಚು ಕಾಯುವವರು. ಆ ಮಟ್ಟಿಗೆ ಆ ತಂಡದವರೂ ನಿಮ್ಮಂತೆಯೇ ನಷ್ಟಕ್ಕೊಳಗಾದವರು. ಅವರ ಮೇಲೆ ಸಿಟ್ಟಿದ್ದರೆ ಬಿಟ್ಟುಬಿಡಿ.

ಹಿಂದೆ ನಿಂತವರಿಗೆ ಪದಗಳು ಕೇಳಿಸಲಿಲ್ಲ ಎಂದಿರಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ವೇದಿಕೆಯಿಂದ 70 ಮೀಟರ್ ಹಿಂದೆ ಇನ್ನೊಂದು ಜೊತೆ ಬಾಕ್ಸು ಇಟ್ಟರೆ, ಅದಕ್ಕೆ ವೈರಿನಲ್ಲಿ ಧ್ವನಿ ಆ ಕ್ಷಣವೇ ತಲುಪುತ್ತದೆ, ವೇದಿಕೆಯ ಬಾಕ್ಸಿನ ಧ್ವನಿ ಮಾತ್ರ ಗಾಳಿಯಲ್ಲಿ ನಡೆದು ಸೆಕೆಂಡಿನ ಐದನೆಯ ಒಂದು ಭಾಗ ತಡವಾಗಿ ಬರುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಂತರವಾದರೆ ನಮ್ಮ ಕಿವಿಗೆ ಅವು ಎರಡು ಬೇರೆ ಬೇರೆ ಸದ್ದುಗಳು. ಒಂದು ಪದದ ಬಾಲ ಇನ್ನೊಂದು ಪದದ ತಲೆಯ ಮೇಲೆ ಕೂರುತ್ತದೆ. ಹಿಂದಿನ ಬಾಕ್ಸುಗಳನ್ನು ಅಷ್ಟೇ ಹೊತ್ತು ಬೇಕೆಂದೇ ತಡಮಾಡಿ ನುಡಿಸುವುದು ಇದಕ್ಕೆ ಪರಿಹಾರ. ಇದು ತಿಳಿಯದೆ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಜನ ಹೆಚ್ಚು ಬರುತ್ತಾರೆಂದು ಮೈದಾನದ ಹಿಂದಿನ ಬೇವಿನ ಮರದ ಕೆಳಗೆ ಎರಡು ಬಾಕ್ಸು ಹೆಚ್ಚಿಗೆ ಇಡಿಸಿದೆ. ವಿದ್ಯಾರ್ಥಿನಿಯೊಬ್ಬಳು ವಚನ ಹಾಡತೊಡಗಿದಾಗ ಮರದ ಬಳಿ ಕುಳಿತ ಹಿರಿಯರಿಗೆ ಪ್ರತಿ ಪದವೂ ಎರಡೆರಡು ಸಲ ಕೇಳಿಸಿ, ಅವರು ಒಬ್ಬೊಬ್ಬರಾಗಿ ಎದ್ದು ಹೋದರು. ಮರುವರ್ಷ ಮೈಕ್ ಸೆಟ್ಟಿನವರು ಒಂದು ಸಣ್ಣ ಯಂತ್ರ ತಂದರು. ನನ್ನನ್ನು ವೇದಿಕೆಯ ಮೈಕಿನ ಮುಂದೆ ನಿಲ್ಲಿಸಿ ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಹೊಡೆಯುತ್ತಿರಲು ಹೇಳಿ, ತಾವು ಬೇವಿನ ಮರದ ಕೆಳಗೆ ನಿಂತು ಗುಂಡಿ ತಿರುಗಿಸುತ್ತ ಹೋದರು. ಆಮೇಲೆ ಮರದ ತುಂಡುಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನೂ ಅಲ್ಲಿ ಹೋಗಿ ನಿಂತು ಕೇಳಿದೆ. 'ಟಕ್-ಟಕ್' ಎಂದು ಎರಡಾಗಿದ್ದ ಸದ್ದು ನಿಧಾನಕ್ಕೆ ಹತ್ತಿರ ಬಂದು, ಒಂದು ಕ್ಷಣದಲ್ಲಿ ಒಂದೇ 'ಟಕ್' ಆಯಿತು. ಅದಕ್ಕೆ ಹಿಡಿದದ್ದು ಹತ್ತು ನಿಮಿಷ.

ಇನ್ನೊಂದು ಕಾರಣವೂ ಇದೆ. ಸಣ್ಣ ಬಾಕ್ಸಿನ ಧ್ವನಿ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅದರಲ್ಲೂ ಕ, ತ, ಪ, ಸಗಳಂಥ ವ್ಯಂಜನಗಳನ್ನು ಹೊರುವ ಮೇಲಿನ ಸ್ವರಭಾಗವನ್ನು ಮುಂದೆ ನಿಂತವರ ಮೈಯೇ ತಡೆದುಬಿಡುತ್ತದೆ, ಕೆಳಗಿನ ದಡದಡ ಸದ್ದು ಮಾತ್ರ ಎಲ್ಲವನ್ನೂ ದಾಟಿ ಬರುತ್ತದೆ. ಆದ್ದರಿಂದಲೇ ಬಾಕ್ಸುಗಳನ್ನು ಎತ್ತರದಲ್ಲಿ ತೂಗುಹಾಕುತ್ತಾರೆ, ಇಲ್ಲವೇ ಜನರನ್ನು ಎತ್ತರದಲ್ಲಿ ಕೂರಿಸುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರಕ್ಕೆ ನಾಟಕೋತ್ಸವದ ಸಮಯದಲ್ಲಿ ಒಮ್ಮೆ ಹೋಗಿ ಬನ್ನಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳ ಕೊನೆಯ ಸಾಲಿನಲ್ಲಿ ಕುಳಿತರೂ ನಟರ ಮಾತು ಸ್ಪಷ್ಟವಾಗಿ ಬರುತ್ತದೆ. ಒಂದು ಹಳ್ಳಿಯಲ್ಲಿ ಆಗುವುದು ಮಹಾನಗರದ ಬದಿಯಲ್ಲಿ ಆಗದಿರಲು ಕಾರಣವಿಲ್ಲ.

ಹೆಸರು ಒಂದೇ ಇದ್ದರೂ ವ್ಯವಸ್ಥೆ ಬದಲಾದರೆ ಫಲ ಬೇರೆಯಾಗುತ್ತದೆ ಎಂಬುದನ್ನು 2011ರ ಅಕ್ಟೋಬರ್‌ನಲ್ಲಿ ಇಡೀ ದೇಶ ಕಂಡಿತು. ಮೆಟಾಲಿಕಾ ಎಂಬ ಅಮೆರಿಕದ ರಾಕ್ ಸಂಗೀತ ತಂಡದ ಗುರಗಾಂವ್ ಕಾರ್ಯಕ್ರಮ 28ರಂದು ಸುರಕ್ಷತೆಯ ಕಾರಣದಿಂದ ಮುಂದೂಡಲ್ಪಟ್ಟು, ಆಮೇಲೆ ರದ್ದೇ ಆಯಿತು. ಕಾದಿದ್ದ ಜನ ರೊಚ್ಚಿಗೆದ್ದು ವೇದಿಕೆಗೆ ನುಗ್ಗಿದರು. ಎರಡೇ ದಿನಗಳ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಪೂರ್ಣ ಕಾರ್ಯಕ್ರಮ ನೀಡಿತು.

ಇನ್ನು ಮಾಡಬಹುದಾದದ್ದು. ಹಣ ಪಡೆದು ಹೇಳಿದ ಸೇವೆಯನ್ನು ಸರಿಯಾಗಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆ. 'ಪಟ್ಟಿ ಬದಲಾಗಬಹುದು' ಎಂಬ ಒಂದು ಸಾಲು ಎಲ್ಲಕ್ಕೂ ರಕ್ಷಾಕವಚವಾಗುವುದಿಲ್ಲ. ಕಲಾವಿದರು ಹಠಾತ್ತನೆ ಅಸ್ವಸ್ಥರಾದರೆ ಆ ಸಾಲಿಗೆ ಬೆಲೆಯಿದೆ. ಗಾಯಕರು ಬರುವುದಿಲ್ಲವೆಂದು ಮೊದಲೇ ತಿಳಿದಿದ್ದೂ ಅವರ ಚಿತ್ರ ಹಾಕಿ ಟಿಕೆಟ್ ಮಾರುತ್ತಲೇ ಇದ್ದರೆ ಅದು ದಾರಿ ತಪ್ಪಿಸುವ ಜಾಹೀರಾತಾಗುತ್ತದೆ. ಮೊದಲು ವ್ಯವಸ್ಥಾಪಕರಿಗೂ ಟಿಕೆಟ್ ಮಾರಿದವರಿಗೂ ಲಿಖಿತವಾಗಿ ದೂರು ಕೊಟ್ಟು, ಉತ್ತರಕ್ಕೆ ಹದಿನೈದು ದಿನ ಕಾಲ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅನೇಕ ದೂರುಗಳು ಅಷ್ಟರಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಉತ್ಸವ ಬೆಂಗಳೂರಿನ ಬಳಿ ನಡೆದಿದ್ದರೂ ನೀವು ಅಲ್ಲಿಗೆ ಅಲೆಯಬೇಕಾಗಿಲ್ಲ, ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ನಿಮ್ಮ ಮಟ್ಟದ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಾಲ್ವರ ಹಿತ ಒಂದೇ ಆಗಿರುವುದರಿಂದ ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ಸಲ್ಲಿಸಬಹುದು.

ದೂರಿನಲ್ಲಿ 'ಮಜಾ ಬರಲಿಲ್ಲ', 'ಮೋಸ ಮಾಡಿದರು' ಎಂಬ ಮಾತುಗಳು ಬೇಡ. ಮೊದಲ ಸಾಲಿನಲ್ಲಿಯೇ ಪ್ರಕಟಿತ ಸಮಯ 8.30, ಬಂದದ್ದು 9.35, ಮುಗಿದದ್ದು 10 ಎಂದು ಬರೆಯಿರಿ. ಆಮೇಲೆ ಬಾರದ ಗಾಯಕರ ಹೆಸರಿದ್ದ ಜಾಹೀರಾತಿನ ಪ್ರತಿ, ಹಣ ಪಾವತಿಯ ರಸೀದಿ, ಹಿಂದಿನಿಂದ ನೀವು ಫೋನಿನಲ್ಲಿ ಚಿತ್ರೀಕರಿಸಿದ್ದರೆ ಆ ತುಣುಕು. ಅದರಲ್ಲಿ ಪದಗಳು ಎರಡೆರಡಾಗಿ ಕೇಳಿಸುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ದೂರಿಗೆ ಇರುವ ಎರಡು ವರ್ಷದ ಗಡುವು ಆ ಡಿಸೆಂಬರ್ ರಾತ್ರಿಯಿಂದಲೇ ಎಣಿಕೆಯಾಗುತ್ತದೆ. ಪ್ರವೇಶದ್ವಾರದಲ್ಲಿ ಕಟ್ಟಿದ ಕೈಪಟ್ಟಿ ಇನ್ನೂ ನಿಮ್ಮ ಬಳಿ ಇದ್ದರೆ ಅದನ್ನೂ ಒಂದು ಲಕೋಟೆಯಲ್ಲಿ ಹಾಕಿಡಿ.